ಮೊಲ ಮೆಲುಕು ಹಾಕುವುದಿಲ್ಲ

ಅಪ್ಪ ಹೋಗಿ ಐದು ತಿಂಗಳಾಯಿತು. ತಿಥಿಯ ಕೆಲಸವೆಲ್ಲ ಮುಗಿದ ಮೇಲೆ ಅಮ್ಮ ಅವರ ಎಲೆಅಡಿಕೆ ಸಂಚಿಯನ್ನು ತಂದು ನನ್ನ ಮಡಿಲಲ್ಲಿಟ್ಟಳು. "ನೀನೇ ಇಟ್ಕೊ. ದಿನಾ ಇದು ಗೂಟದಲ್ಲಿ ನೇತಾಡೋದು ನೋಡ್ಕೊಂಡು ನಾನಿರಲಾರೆ" ಎಂದಳು. ಕೆಂಪು ಬಟ್ಟೆಯ ಹಳೆಯ ಸಂಚಿ, ಮೂರು ಜೇಬು, ಒಂದರಲ್ಲಿ ಸುಣ್ಣದ ಡಬ್ಬಿ. ಯಶವಂತಪುರದ ನಮ್ಮ ಮನೆಯಲ್ಲಿ ಅದನ್ನು ನನ್ನ ಟ್ರಂಕಿನೊಳಗೆ ಸೀರೆಗಳ ಮೇಲೆ ಇಟ್ಟಿದ್ದೇನೆ. ಟ್ರಂಕು ತೆಗೆದಾಗಲೆಲ್ಲ ಅಪ್ಪ ಎಲೆ ಹಾಕಿಕೊಳ್ಳುತ್ತಿದ್ದ ಮುಖ ನೆನಪಾಗಬೇಕು. ನನಗೆ ಮೊದಲು ನೆನಪಾಗುವುದು ನಾನು ಹನ್ನೊಂದು ವರ್ಷದವಳಾಗಿದ್ದಾಗ ಸಾಕಿದ್ದ ಒಂದು ಮೊಲ. ಯಾಕೆ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಜಾಲಹಳ್ಳಿಯ ಪಕ್ಕದ ಶೆಟ್ಟಿಹಳ್ಳಿ. ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ಐದು ಹಸು. ಬೆಳಗಾದರೆ ಅಪ್ಪ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಜಾಲಹಳ್ಳಿಯ ಕ್ವಾರ್ಟರ್ಸುಗಳಿಗೆ ಹೋಗುತ್ತಿದ್ದರು. ಕ್ವಾರ್ಟರ್ಸಿನವರಿಗೆ ಅವರು ಹಾಲಿನವರು. ಸುತ್ತಲಿನ ಹಳ್ಳಿಗಳಿಗೆ ಮಾತ್ರ ದನ ನೋಡುವವರು. ಹಸು ಮೇವು ಬಿಟ್ಟರೆ, ಎತ್ತು ಕುಂಟಿದರೆ, ಕರು ಮಂಕಾದರೆ ನಮ್ಮ ಮನೆಗೆ ಹೊಡೆದುಕೊಂಡು ಬರುತ್ತಿದ್ದರು. ಅಪ್ಪ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಂದವರು ಒಂದು ಕವಳೆ ಎಲೆ ಕೊಟ್ಟರೆ ಅದು ಸಂಚಿಗೆ ಸೇರುತ್ತಿತ್ತು.

ಅವರು ದನ ನೋಡುವ ಕ್ರಮ ಬೇರೆಯಾಗಿತ್ತು. ಒಮ್ಮೆ ನಾಗಸಂದ್ರದ ಕಡೆಯವರೊಬ್ಬರು ಎತ್ತು ಹಿಡಿದುಕೊಂಡು ಬಂದರು. ಅವರು ಇನ್ನೂ ಅದನ್ನು ಗೂಟಕ್ಕೆ ಕಟ್ಟುತ್ತಿದ್ದರು, ಅಪ್ಪ ಜಗಲಿಯಿಂದ ಏಳದೆಯೇ, "ಮುಂದಿನ ಬಲಗಾಲು. ಗೊರಸಿನ ಸಂದಿ ತೊಳ್ದು ನೋಡು" ಎಂದರು.

"ಇನ್ನೂ ಮುಟ್ಟೇ ಇಲ್ವಲ್ಲಣ್ಣ ನೀವು."

"ಮುಟ್ಟೋಕೆ ಬಂದ್ರೆ ಅದು ನೆಟ್ಟಗೆ ನಿಂತ್ಕೊಳ್ತದೆ. ಬರೋವಾಗ ನೋಡ್ದೆ. ಆ ಕಾಲು ಊರಿದಾಗೆಲ್ಲ ತಲೆ ಮೇಲಕ್ಕೆ ಎತ್ತುತಿತ್ತು."

ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು ಇತ್ತು. ಆ ಮನುಷ್ಯ ಹೋದ ಮೇಲೆ ಅಪ್ಪ ನನಗೆ ಹೇಳಿದರು. "ಅತ್ರ ಓದ್ರೆ ದನ ನಮ್ಮನ್ನ ನೋಡ್ತದೆ, ನೋವು ಅಡಗಿಸ್ತದೆ. ದೂರ ನಿಂತ್ರೆ ನೋವು ಕಾಣ್ತದೆ."

ಹತ್ತಿರ ಹೋದ ಮೇಲೆ ಅವರು ಮೂರು ನೋಡುತ್ತಿದ್ದರು. ಮೂತಿ ಬೆವರಿದೆಯೇ, ಕಿವಿಯ ಬುಡ ಬೆಚ್ಚಗಿದೆಯೇ, ಮೆಲುಕು ಹಾಕುತ್ತಿದೆಯೇ. ಮೂರರಲ್ಲಿ ಮೆಲುಕೇ ದೊಡ್ಡದು. ಮೆಲುಕು ಹಾಕುವ ದನಕ್ಕೆ ಎಂಥ ಗಾಯವಿದ್ದರೂ ಅಪ್ಪ ನಿಧಾನವಾಗಿ ಏಳುತ್ತಿದ್ದರು. ಮೆಲುಕು ನಿಂತಿದೆ ಎಂದರೆ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು. ನನಗೆ ಎಣಿಕೆ ಕಲಿಸಿದ್ದೂ ಅದರಲ್ಲೇ. ಮಲಗಿದ ಹಸುವಿನ ಮುಂದೆ ಕೂರಿಸಿ, ದವಡೆ ಎಷ್ಟು ಸಲ ಆಡುತ್ತದೆ ಎಣಿಸು ಎನ್ನುತ್ತಿದ್ದರು. ನಲವತ್ತೋ ಐವತ್ತೋ ಸಲ ಅಗಿದು ಹಸು ನುಂಗುತ್ತಿತ್ತು. ಒಂದು ಗಳಿಗೆ ಸುಮ್ಮನಿರುತ್ತಿತ್ತು. ಆಮೇಲೆ ಗಂಟಲಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಸರಸರ ಏರಿ ಬರುವುದು ಹೊರಗಿನಿಂದಲೇ ಕಾಣುತ್ತಿತ್ತು. ಮತ್ತೆ ಎಣಿಕೆ ಒಂದರಿಂದ.

ಮೊಲ ಬಂದದ್ದು ಕ್ವಾರ್ಟರ್ಸಿನಿಂದ. ಒಂದು ಮನೆಯ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಆ ಮನೆಯ ಅಮ್ಮ ಹಾಲು ಹಾಕಿಸಿಕೊಳ್ಳುವಾಗ, "ರೈಲಲ್ಲಿ ಇದನ್ನ ತಗೊಂಡು ಹೋಗೋಕಾಗಲ್ಲ, ಬಯಲಿಗೆ ಬಿಟ್ರೆ ನಾಯಿ ಹಿಡಿಯುತ್ತೆ. ನಿಮ್ಮನೇಲಿ ಮಕ್ಕಳಿದಾರಲ್ಲ" ಎಂದು ಒಂದು ರಟ್ಟಿನ ಪೆಟ್ಟಿಗೆಯನ್ನು ಅಪ್ಪನ ಕೈಗೆ ಕೊಟ್ಟರಂತೆ. ಅಪ್ಪ ಅದನ್ನು ಖಾಲಿ ಕ್ಯಾನಿನ ಪಕ್ಕ ಕಟ್ಟಿಕೊಂಡು ಬಂದರು. ಬಿಳಿಯ ಮೊಲ, ಕಿವಿಯ ತುದಿ ಮಾತ್ರ ಬೂದಿಯ ಬಣ್ಣ. ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಮುಚ್ಚುವ ಬಿದಿರಿನ ಮಂಕರಿಯನ್ನು ಬೋರಲು ಹಾಕಿ ಅದರೊಳಗೆ ಬಿಟ್ಟೆವು. ಮೇಲೆ ಒಂದು ಕಲ್ಲು ಹೇರಿದೆವು. ಹಗಲು ನಾನು ಇದ್ದಾಗ ಮಂಕರಿ ಎತ್ತಿ ಹೊರಗೆ ಬಿಡುತ್ತಿದ್ದೆ. ಗರಿಕೆ, ಗೆಣಸಿನ ಬಳ್ಳಿ, ಮೂಲಂಗಿ ಸೊಪ್ಪು ತಿನ್ನುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ಹಿಂಗಾಲು ಎರಡನ್ನೂ ಹಿಂದಕ್ಕೆ ಚಾಚಿ ನೆಲಕ್ಕೆ ಅಂಟಿಕೊಂಡಂತೆ ಮಲಗುತ್ತಿತ್ತು. ಹಣೆ ಸವರಿದರೆ ಕಣ್ಣು ಮುಚ್ಚಿಕೊಂಡು ಹಲ್ಲನ್ನು ಮೆಲ್ಲಗೆ ಕಿಟಿಕಿಟಿ ಮಾಡುತ್ತಿತ್ತು. ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಬೆರಳಿಗೆ ತಿಳಿಯುವಂಥ ಸದ್ದು. "ನೋಡಪ್ಪ, ಮೊಲಾನೂ ಮೆಲುಕು ಹಾಕುತ್ತೆ" ಎಂದು ಮೊದಲು ಹೇಳಿದವಳು ನಾನೇ. ಅಪ್ಪ ನಕ್ಕು, "ಸೊಪ್ಪು ತಿನ್ನೋದಲ್ವ, ಆಕ್ತದೆ" ಎಂದರು. ಆ ಮಾತು ಮನೆಯಲ್ಲಿ ನಿಂತುಹೋಯಿತು.

ಮೊಲವನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದವರು ಒಬ್ಬರಿದ್ದರು. ಪಕ್ಕದ ಮನೆಯ ದೊಡ್ಡಪ್ಪ, ಅಪ್ಪನ ದಾಯಾದಿ ಅಣ್ಣ. ವಯಸ್ಸಿನಲ್ಲಿ ಜಾಲಹಳ್ಳಿಯ ಕುರುಚಲು ಕಾಡಿನಲ್ಲಿ ನಾಯಿ ಕಟ್ಟಿಕೊಂಡು ಮೊಲ ಹೊಡೆದವರು. ಸಂಜೆ ಹಾಲಿಗೆ ಚೆಂಬು ಹಿಡಿದು ಬಂದು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತರೆ ಮೊದಲ ಮಾತು ಅದೇ.

"ಏನಮ್ಮಿ, ಖಾರ ಅರ್ದು ಇಡಾಣ ಅಂತೀಯ?"

"ಇದು ಸಾಕಿದ್ದು ದೊಡ್ಡಪ್ಪ."

"ಸಾಕಿದ್ದೇ ಚೆಂದ ಕಣಮ್ಮಿ. ಓಡ್ಸಾಡೋ ಕೆಲ್ಸ ಇಲ್ಲ."

ಅದು ತಮಾಷೆಯೇ. ಆದರೆ ಪೂರ್ತಿ ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಕಡೆ ಕೋಳಿ ಜೋಲು ಬಿದ್ದರೆ ಅದು ಸಾಯುವುದಕ್ಕೆ ಬಿಡುವುದಿಲ್ಲ, ಅವತ್ತೇ ಕೊಯ್ಯುತ್ತಾರೆ. ಮೊಲ ತಂದ ದಿನವೇ ಅಮ್ಮ ಹೇಳಿದ್ದಳು. "ಚೆನ್ನಾಗಿರೋಗಂಟ ಇಟ್ಕೊ. ಕಾಯಿಲೆ ಬಿದ್ರೆ ನೋಡ್ತಾ ಕೂರೋಕಾಗಲ್ಲ, ನಿಮ್ ದೊಡ್ಡಪ್ಪನ ಮನೆಗೆ ಕೊಟ್ಬಿಡೋದು. ಅಳ್ಬಾರ್ದು." ಅಪ್ಪ ಬೇಡವೆನ್ನಲಿಲ್ಲ.

ಮಳೆಗಾಲ ಕಳೆದು ರಾಗಿ ತೆನೆ ಕಟ್ಟುವ ಹೊತ್ತಿಗೆ ಮೊಲ ಬದಲಾಯಿತು. ಮೊದಲ ದಿನ ನಾನು ಸೊಪ್ಪು ತಂದಾಗ ಮಂಕರಿಯ ಅಂಚಿಗೆ ಓಡಿಬರಲಿಲ್ಲ. ಮುಂದೆ ಇಟ್ಟರೆ ಎಲೆ ಮಾತ್ರ ತಿಂದು ದಂಟು ಬಿಟ್ಟಿತು. ಮಾರನೆಯ ದಿನ ಗೋಡೆಯ ಕಡೆಗೆ ಮುಖ ಮಾಡಿ ಬೆನ್ನು ಗೂನು ಮಾಡಿಕೊಂಡು ಚೆಂಡಿನ ಹಾಗೆ ಕೂತಿತ್ತು. ಕೂದಲು ಉಬ್ಬಿಕೊಂಡಿತ್ತು. ಎಲೆ ಬಿದ್ದ ಸದ್ದಿಗೂ ತಿರುಗುತ್ತಿದ್ದ ಕಿವಿಗಳು ಬೆನ್ನಿಗೆ ಒತ್ತಿಕೊಂಡಿದ್ದವು. ಕಣ್ಣು ಅರ್ಧ ಮುಚ್ಚಿತ್ತು. ದಿನವೆಲ್ಲ ಮುಖ ಮೈ ನೆಕ್ಕಿ ಒರೆಸಿಕೊಳ್ಳುತ್ತಿದ್ದದ್ದು ಈಗ ಒರೆಸಿಕೊಳ್ಳುತ್ತಿರಲಿಲ್ಲ, ಹಿಂಭಾಗದ ಬಿಳಿ ಕೂದಲು ಗಂಜಲ ತಾಗಿ ಹಳದಿಯಾಗಿತ್ತು. ಕಡಲೆಕಾಳಿನಷ್ಟು ಇರುತ್ತಿದ್ದ ಹಿಕ್ಕೆ ಮೆಣಸಿನ ಕಾಳಿನಷ್ಟಾಗಿ, ಎಣಿಸುವಷ್ಟೇ ಬೀಳುತ್ತಿತ್ತು. ಆದರೆ ದವಡೆ ಆಡುತ್ತಲೇ ಇತ್ತು.

ಅಪ್ಪ ಹುಲ್ಲಿನ ಹೊರೆ ಹೊತ್ತು ಒಳಗೆ ಬಂದಾಗ ಕೇಳಿದೆ. "ಅಪ್ಪ, ಮೊಲ ಯಾಕೋ ಸುಮ್ಮನೆ ಕೂತಿದೆ."

ಅವರು ಹೊರೆ ಇಳಿಸದೆ ಒಂದು ಸಲ ತಿರುಗಿ ನೋಡಿದರು. "ಮೆಲುಕು ಆಕ್ತಾ ಐತಲ್ಲ ಮಗ. ಇನ್ನೇನು? ಚೆನ್ನಾಗೈತೆ."

ಸತ್ಯ ಹೇಳಬೇಕೆಂದರೆ ಆ ಮಾತಿನಿಂದ ನನಗೆ ಜೀವ ಬಂದ ಹಾಗಾಯಿತು. ಅಪ್ಪ ಚೆನ್ನಾಗಿದೆ ಎಂದರೆ ಆ ಊರಿನಲ್ಲಿ ಯಾರೂ ಅಲ್ಲ ಎನ್ನುವಂತಿರಲಿಲ್ಲ. ದೊಡ್ಡಪ್ಪ ಮಂಕರಿಯೊಳಗೆ ಇಣುಕಿ, "ಯಾಕಮ್ಮಿ, ಮಂಕಾಗೈತೆ ನಿನ್ ಮೊಲ?" ಎಂದಾಗ, "ಅಪ್ಪ ನೋಡಿದ್ರು, ಮೆಲುಕು ಹಾಕ್ತಿದೆ, ಚೆನ್ನಾಗಿದೆ" ಎಂದೆ. ನನಗೆ ಒಳಗೊಳಗೆ ಗೊತ್ತಿತ್ತು. ಗೊತ್ತಿದ್ದೇ ಮೊಲ ಬಿಟ್ಟ ಸೊಪ್ಪನ್ನು ಅಮ್ಮ ನೋಡುವ ಮೊದಲು ಎತ್ತಿ ಹಸುವಿಗೆ ಹಾಕುತ್ತಿದ್ದೆ. ದೊಡ್ಡಪ್ಪ ಬರುವ ಹೊತ್ತಿಗೆ ಅದರ ಮುಂದೆ ಹೊಸ ಸೊಪ್ಪು ಹರಡಿ, ಹಳದಿಯಾದ ಕೂದಲು ಕಾಣದಂತೆ ಅದರ ಹಿಂಭಾಗವನ್ನು ಗೋಡೆಯ ಕಡೆಗೆ ತಿರುಗಿಸಿಡುತ್ತಿದ್ದೆ. ಮೊಲ ತನ್ನ ನೋವನ್ನು ಬಚ್ಚಿಟ್ಟುಕೊಂಡಿತ್ತು. ನಾನು ಅದಕ್ಕೆ ಇನ್ನೊಂದು ಹೊದಿಕೆ ಹೊದಿಸಿದ್ದೆ.

ಹೀಗೆ ಐದು ದಿನ ಕಳೆಯಿತು. ಆರನೆಯ ದಿನ ಸ್ಕೂಲಿಗೆ ರಜೆ. ಅಮ್ಮ ಹೊಲಕ್ಕೆ ಹೋಗಿದ್ದಳು. ಸಂಜೆಯ ಒಲೆಗೆ ಬೆರಣಿ ಇಳಿಸಿಡು ಎಂದಿದ್ದಳು. ಮಧ್ಯಾಹ್ನ ನಾನು ಕೊಟ್ಟಿಗೆಯ ಅಟ್ಟ ಹತ್ತಿದೆ. ಕೆಳಗೆ ನಮ್ಮ ಕೆಂದ ಹಸು ಮಲಗಿ ಮೆಲುಕು ಹಾಕುತ್ತಿತ್ತು. ಅದರಾಚೆ ಮಂಕರಿಯ ಕಣ್ಣುಗಳ ನಡುವೆ ಮೊಲದ ಬೆನ್ನು ಮತ್ತು ಒಂದು ಕೆನ್ನೆ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಬೆರಣಿಯ ರಾಶಿಗೆ ಒರಗಿ ಸುಮ್ಮನೆ, ಅಭ್ಯಾಸದಿಂದ, ಹಸುವಿನ ದವಡೆ ಎಣಿಸಿದೆ. ನಲವತ್ತಾರಕ್ಕೆ ನುಂಗಿತು. ಉಂಡೆ ಮೇಲೆ ಬಂತು. ಆಮೇಲೆ ಮೊಲದ್ದು ಎಣಿಸತೊಡಗಿದೆ.

ಐವತ್ತಾಯಿತು. ಎಂಬತ್ತಾಯಿತು. ನೂರೈವತ್ತಾದರೂ ನುಂಗಲಿಲ್ಲ. ಗಂಟಲು ಅಲ್ಲಾಡಲಿಲ್ಲ. ಹಸು ಉಂಡೆ ನುಂಗಿ ಸುಮ್ಮನಾದ ಒಂದು ಗಳಿಗೆಯಲ್ಲಿ ಕೊಟ್ಟಿಗೆಯೆಲ್ಲ ನಿಶ್ಶಬ್ದವಾಯಿತು. ಆಗ ಕೇಳಿಸಿತು. ಹಣೆ ಸವರಿದಾಗಿನ ಕಿಟಿಕಿಟಿ ಅಲ್ಲ. ಕರ್, ಕರ್ ಎಂದು, ಸ್ಲೇಟಿನ ಮೇಲೆ ಒಣ ಬಳಪ ಒತ್ತಿ ಎಳೆದ ಹಾಗೆ. ಅಟ್ಟದವರೆಗೂ ಕೇಳುವಷ್ಟು ಜೋರಾಗಿತ್ತು. ಬಾಯಲ್ಲಿ ಏನೂ ಇಲ್ಲದೆ ಹಲ್ಲಿಗೆ ಹಲ್ಲು ತೇಯುತ್ತಿತ್ತು.

ನಾನು ಉಸಿರು ಬಿಗಿಹಿಡಿದೆ. ಯಾರೂ ಇಲ್ಲವೆಂದುಕೊಂಡ ಮೊಲ ಮೆಲ್ಲಗೆ ಮೈ ಓರೆ ಮಾಡಿ ಎಡಗಡೆಯ ಹಿಂಗಾಲನ್ನು ನೆಲದಿಂದ ಎತ್ತಿಕೊಂಡಿತು. ಎತ್ತಿದ ಕಾಲು ನಡುಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಯಾರೋ ಬಿಂದಿಗೆ ಇಟ್ಟ ಸದ್ದಾಯಿತು. ಮೊಲ ತಟಕ್ಕನೆ ಕಾಲು ಊರಿ, ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಕೂತಿತು. ಹಲ್ಲಿನ ಸದ್ದೂ ನಿಂತಿತು.

ಅದು ಹಾಗೆ ನೆಟ್ಟಗೆ ಕೂತದ್ದು ನೋಡಿಯೇ ನನಗೆ ಅಳು ಬಂದದ್ದು.

ಸಂಜೆಯವರೆಗೂ ಯೋಚಿಸಿದೆ. ಹೇಳಿದರೆ ಮೊಲ ದೊಡ್ಡಪ್ಪನ ಮನೆಗೆ ಹೋಗುತ್ತದೆ. ಹೇಳದಿದ್ದರೆ ಅದು ನಾಳೆಯೂ ಹಾಗೇ ಕಾಲು ಊರಿಕೊಂಡು ಕೂರುತ್ತದೆ. ಅಪ್ಪ ಹಾಲು ಕರೆಯಲು ಕೂತಾಗ ಹೋಗಿ ಪಕ್ಕದಲ್ಲಿ ನಿಂತೆ. ದೊಡ್ಡಪ್ಪ ಆಗಲೇ ಬಂದು ಕಲ್ಲಿನ ಮೇಲೆ ಕೂತಿದ್ದರು. ಅವರು ಹೋಗಲಿ ಎಂದು ಕಾಯಬಹುದಿತ್ತು. ಕಾಯುವಷ್ಟು ತಡೆಯಲಾಗಲಿಲ್ಲ.

"ಅಪ್ಪ, ಮೊಲ ಮೆಲುಕು ಹಾಕ್ತಿಲ್ಲ."

"ಆಕ್ತಾ ಐತೆ ಬಿಡು ಮಗ. ಬೆಳಿಗ್ಗೆ ನೋಡಿದ್ನಲ್ಲ."

ದೊಡ್ಡಪ್ಪ ನಕ್ಕರು. "ಅಪ್ಪಂಗೇ ಪಾಠ ಏಳ್ತಾಳಲ್ಲೋ ಇವ್ಳು. ಯಾಕಮ್ಮಿ, ಇಸ್ಕೂಲಲ್ಲಿ ಮೊಲದ ಪಾಠ ಆಯ್ತಾ?"

"ನೂರೈವತ್ತು ಎಣಿಸ್ದೆ ಅಪ್ಪ. ಒಂದ್ಸಲಾನೂ ನುಂಗ್ಲಿಲ್ಲ. ಗಂಟಲಲ್ಲಿ ಉಂಡೆ ಬರ್ಲಿಲ್ಲ."

ಚೆಂಬಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು. ಅಪ್ಪ ನನ್ನ ಮುಖ ನೋಡಿದರು.

"ಎಲ್ಲಿಂದ ನೋಡ್ದೆ?"

"ಅಟ್ಟದ ಮೇಲಿಂದ. ಅದಕ್ಕೆ ನಾನಿರೋದು ಗೊತ್ತಿರ್ಲಿಲ್ಲ."

ಅವರು ಎದ್ದು, ಮಿಕ್ಕ ಹಾಲು ಕರೆಯಲು ಅಮ್ಮನನ್ನು ಕೂಗಿದರು. ಮೊಲದ ಹತ್ತಿರ ಹೋಗಲಿಲ್ಲ. ಹೊರಗೆ ಹೋಗಿ ಕೊಟ್ಟಿಗೆಯ ಹಿಂಬದಿಗೆ ಬಳಸಿ ಬಂದು ಗೋಡೆಯ ಕಿಂಡಿಯ ಆಚೆ ನಿಂತರು. ನಾನೂ ಹಿಂದೆ ನಿಂತೆ. ಎಷ್ಟೋ ಹೊತ್ತು ನಿಂತಿದ್ದೆವು. ಅಪ್ಪ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ, "ಎಡಗಾಲು, ಇಂದುಗಡೇದು" ಎಂದರು. ನಾನು ಕಾಲಿನ ವಿಷಯ ಅವರಿಗೆ ಇನ್ನೂ ಹೇಳಿರಲಿಲ್ಲ.

ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಮೊಲವನ್ನು ಮುಖ ಒಂದು ಬಿಟ್ಟು ಸುತ್ತಿದರು. ಒದೆಯಲು ಬಿಟ್ಟರೆ ತನ್ನ ಬೆನ್ನನ್ನೇ ಮುರಿದುಕೊಳ್ಳುತ್ತದೆ, ಗಟ್ಟಿ ಹಿಡಿ ಎಂದರು. ಎಡಗಾಲನ್ನು ಹೊರಗೆಳೆದು ಅಂಗಾಲಿನ ಕೂದಲು ಬಿಡಿಸಿದರು. ಮೊಲದ ಅಂಗಾಲಿಗೆ ಹಸುವಿನ ಹಾಗೆ ಗೊರಸಿಲ್ಲ, ನಾಯಿಯ ಹಾಗೆ ದಪ್ಪ ಚರ್ಮದ ಮೆತ್ತೆಯೂ ಇಲ್ಲ. ಬರೀ ದಟ್ಟ ಕೂದಲು. ಆ ಕೂದಲೊಳಗೆ ನೆಲ್ಲಿಕಾಯಿಯಷ್ಟು ಊತವಿತ್ತು, ಮುಟ್ಟಿದರೆ ಸುಡುತ್ತಿತ್ತು. ಮಂಕರಿಯ ಅಂಚನ್ನು ಅದು ಕಡಿದೂ ಕಡಿದೂ ಬಿದಿರು ಸಿಗಿದುಕೊಂಡಿತ್ತು. ಅದರ ಒಂದು ಸಿಬಿರು ಕಾಲಿಗೆ ಹೊಕ್ಕು ಒಳಗೇ ಮುರಿದಿತ್ತು.

ಉಡಿದಾರಕ್ಕೆ ಕಟ್ಟಿದ್ದ ಮುಳ್ಳುಚಿಮಟವನ್ನು ಅಪ್ಪ ಬಿಚ್ಚಿಕೊಂಡರು. ಹಿಡಿದು ಎಳೆದಾಗ ಮೊಲ ಕಿರುಚಿತು. ಅದಕ್ಕೆ ದನಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಎಳೆಯ ಮಗುವಿನ ದನಿ. ಒಂದೇ ಸಲ. ಹಸುಗಳೆಲ್ಲ ತಲೆ ಎತ್ತಿದವು. ಸಿಬಿರಿನ ಹಿಂದೆಯೇ ಕೀವು ಬಂತು. ಅಪ್ಪ ಉಪ್ಪಿನ ಬಿಸಿನೀರಿನಲ್ಲಿ ತೊಳೆದು ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು.

"ಎಷ್ಟು ದಿನದಿಂದ ಇಂಗೆ ಕೂತಿತ್ತು?"

"ಆರು ದಿನ. ನಾನು ಮಿಕ್ಕಿದ ಸೊಪ್ಪು ಎತ್ತಿ ಹಸುಗೆ ಹಾಕ್ತಿದ್ದೆ ಅಪ್ಪ. ಅಮ್ಮಂಗೆ ಗೊತ್ತಾಗ್ಬಾರ್ದು ಅಂತ."

"ಯಾಕವ್ವ?"

"ದೊಡ್ಡಪ್ಪನ ಮನೆಗೆ ಕೊಟ್ಬಿಡ್ತೀರಿ ಅಂತ."

ದೊಡ್ಡಪ್ಪ ತಮ್ಮ ಚೆಂಬಿನ ಹಾಲನ್ನು ನೋಡುತ್ತಾ ಕೂತರು. ಅಪ್ಪ ಚಿಮಟ ಒರೆಸಿ ಉಡಿದಾರಕ್ಕೆ ಕಟ್ಟಿಕೊಂಡು ಅವರ ಕಡೆ ತಿರುಗಿದರು.

"ತಪ್ಪು ನಂದು ಕಣಣ್ಣ. ಅದು ನೋವಿಗೆ ಅಲ್ಲು ಕಡೀತಾ ಇತ್ತು. ನಾನು ಮೆಲುಕು ಅಂದೆ."

"ನಿನ್ ಕಣ್ಣಿಗೂ ಬೀಳ್ಲಿಲ್ವೇನೋ?"

"ಬಿತ್ತು. ನೋಡ್ಲಿಲ್ಲ. ಉಲ್ಲಿನ ಒರೆ ಒತ್ಕೊಂಡು ದಾಟಿ ಓದೆ." ಮೊಲದ ಕಡೆ ನೋಡಿ ಹೇಳಿದರು. "ದನ ಆಗಿದ್ರೆ ನಿಲ್ತಿದ್ದೆ."

ಸಿಬಿರು ತೆಗೆದರೂ ಮೊಲ ತಿನ್ನಲಿಲ್ಲ. ಹೊಟ್ಟೆ ಖಾಲಿ ಬಿಟ್ಟರೆ ಕಾಲು ವಾಸಿಯಾಗಿಯೂ ಸಾಯುತ್ತದೆ ಎಂದು ಅಪ್ಪ ಹೇಳಿದರು. ದನಕ್ಕೆ ಔಷಧಿ ಹೊಯ್ಯುವ ಬಿದಿರಿನ ಗೊಟ್ಟವನ್ನು ತಂದು ಮೊಲದ ಬಾಯಿಗೆ ಹಿಡಿದು ನೋಡಿದರು. ಗೊಟ್ಟ ಮೊಲದ ತಲೆಯಷ್ಟೇ ದಪ್ಪವಿತ್ತು. ನನ್ನ ಸ್ಕೂಲಿನ ಚೀಲದಿಂದ ಇಂಕು ತುಂಬುವ ಫಿಲ್ಲರ್ ತೆಗೆದು, ಬೂದಿಯಲ್ಲಿ ತಿಕ್ಕಿ, ಕುದಿಯುವ ನೀರಿನಲ್ಲಿ ಹಾಕಿ ಕೊಟ್ಟೆ. ತೆಳ್ಳಗಿನ ಅನ್ನದ ಗಂಜಿ, ಕೆನ್ನೆಯ ಪಕ್ಕದಿಂದ ಒಂದೊಂದು ತೊಟ್ಟು. ಹಾಲು ಕ್ವಾರ್ಟರ್ಸಿಗೆ ತಲುಪುವುದು ತಡವಾಗಿ ಅಲ್ಲಿಯವರು ಗೊಣಗಿದರೂ ಅಪ್ಪ ಮೂರು ಬೆಳಿಗ್ಗೆ ಅದನ್ನು ಮುಗಿಸಿಯೇ ಸೈಕಲ್ಲು ಹತ್ತಿದರು. ನಾಲ್ಕನೆಯ ಬೆಳಿಗ್ಗೆ ನೆಲದ ಮೇಲೆ ಕಡಲೆಕಾಳಿನಷ್ಟು ದಪ್ಪದ ಹಿಕ್ಕೆ ಬಿದ್ದಿತ್ತು. ಅಂಗೈಯಲ್ಲಿ ಇಟ್ಟುಕೊಂಡು ಅಮ್ಮನಿಗೆ ತೋರಿಸಲು ಓಡಿದೆ.

"ಅಡಿಗೆಮನೆಗೆ ಯಾಕೆ ತಂದ್ಯೇ ಅದ್ನ!" ಎಂದಳು ಅಮ್ಮ. ಆಮೇಲೆ ಒಲೆಯ ಮುಂದಿನಿಂದ ಎದ್ದು ಬಂದು, "ಎಷ್ಟಿವೆ?" ಎಂದು ಕೇಳಿದಳು.

ಅವತ್ತು ಸಂಜೆ ದೊಡ್ಡಪ್ಪ ಒಂದು ಹಿಡಿ ಗೆಣಸಿನ ಬಳ್ಳಿ ತಂದು ಮೊಲದ ಮುಂದೆ ಹಾಕಿದರು. "ದಪ್ಪ ಆಗ್ಲಿ ಅಂತ ತಂದಿದೀನಿ ಕಣಮ್ಮಿ. ನನ್ನ ನಂಬ್ಬೇಡ" ಎಂದರು. ಅಲ್ಲಿಂದ ಮುಂದೆ ಅವರು ಖಾರ ಅರೆಯುವ ಮಾತು ಎತ್ತಲಿಲ್ಲ. ಹೊಲದಿಂದ ಬರುವಾಗ ಬಳ್ಳಿ ತರುವುದನ್ನೂ ಬಿಡಲಿಲ್ಲ.

ಮಂಕರಿ ಮತ್ತೆ ಕೋಳಿಗೇ ಹೋಯಿತು. ಮೊಲಕ್ಕೆ ಕರು ಕಟ್ಟುವ ಮೂಲೆಯಲ್ಲಿ ರಾಗಿ ಹುಲ್ಲು ಹಾಸಿ ಅಡ್ಡ ಹಲಗೆ ಇಟ್ಟರು. ಅದು ಇನ್ನೂ ಎರಡು ವರ್ಷ ಇತ್ತು, ಎಡಗಾಲನ್ನು ಒಂಚೂರು ಎಳೆದುಕೊಂಡು ಓಡಾಡುತ್ತಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಕಾಲು ಚಾಚಿ ಮಲಗಿದ್ದ ಹಾಗೆಯೇ ಹೋಗಿತ್ತು. ದಾರಿಯ ತಿರುವಿನ ಹೊಂಗೆಮರದ ಕೆಳಗೆ ಅಪ್ಪನೇ ಗುಂಡಿ ತೋಡಿದರು. ಆ ನಂತರ ಯಾರಾದರೂ ದನ ತಂದರೆ ಅಪ್ಪ ದವಡೆ ಆಡುವುದನ್ನು ನೋಡಿ ಸುಮ್ಮನಾಗುತ್ತಿರಲಿಲ್ಲ. ಗಂಟಲಿಗೆ ಉಂಡೆ ಬರುವವರೆಗೂ ನಿಂತು ನೋಡುತ್ತಿದ್ದರು. "ನಮ್ಮ ಉಡುಗಿ ಎಣಿಸಿ ಕಂಡಿದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಹೀಗೆ ಸುಮಾರು ಹತ್ತು ವರ್ಷ ಕಳೆಯಿತು. ನನಗೆ ಯಶವಂತಪುರಕ್ಕೆ ಮದುವೆಯಾಯಿತು. ಸಂಕ್ರಾಂತಿಗೆ, ಯುಗಾದಿಗೆ ತವರಿಗೆ ಬರುತ್ತಿದ್ದೆ. ಹೋದ ವರ್ಷ ಯುಗಾದಿಗೆ ಬರಲಾಗದೆ, ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಜಾಲಹಳ್ಳಿಯಲ್ಲಿ ಬಸ್ಸು ಇಳಿದು ನಡೆದು ಬಂದೆ. ಹೊಂಗೆಮರದ ನೆರಳಿಗೆ ಬಂದಾಗ ಕೈಚೀಲ ಭಾರವಾಗಿ ಕೆಳಗಿಟ್ಟು ನಿಂತೆ. ಅಲ್ಲಿಂದ ನಮ್ಮ ಜಗಲಿ ಕಾಣುತ್ತದೆ.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ರಸ್ತೆಯ ಕಡೆಗಲ್ಲ, ಗೋಡೆಯ ಕಡೆಗೆ ಓರೆಯಾಗಿ. ಮೊಣಕಾಲು ಎದೆಯ ಹತ್ತಿರ, ಭುಜ ಮೇಲಕ್ಕೆ ಎತ್ತಿಕೊಂಡು, ಬೆನ್ನು ಗೂನು. ದವಡೆ ಆಡುತ್ತಿತ್ತು. ಅಪ್ಪನ ದವಡೆ ಆಡದೆ ಇದ್ದದ್ದನ್ನು ಊರಿನಲ್ಲಿ ಯಾರು ನೋಡಿದ್ದಾರೆ? ಎಲೆಅಡಿಕೆ ಇಲ್ಲದೆ ಅವರು ಒಂದು ಗಳಿಗೆ ಇದ್ದವರಲ್ಲ.

ನಾನು ಎಣಿಸುತ್ತಿದ್ದೇನೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಎಲೆ ಹಾಕಿದವರು ಆಗಾಗ ಪಕ್ಕಕ್ಕೆ ಬಾಗಿ ಉಗಿಯುತ್ತಾರೆ. ಅಪ್ಪ ಉಗಿಯಲಿಲ್ಲ. ನೂರಾಯಿತು, ನೂರಿಪ್ಪತ್ತಾಯಿತು. ಅಷ್ಟರಲ್ಲಿ ಯಾರೋ ಸೈಕಲ್ಲಿನ ಮೇಲೆ ಗಂಟೆ ಹೊಡೆಯುತ್ತಾ ಬಂದರು. ಅಪ್ಪ ಥಟ್ಟನೆ ನೆಟ್ಟಗಾಗಿ, ಕೈ ಎತ್ತಿ ಏನೋ ಹೇಳಿ ನಕ್ಕರು. ಸೈಕಲ್ಲು ಮುಂದೆ ಹೋಯಿತು. ಭುಜ ಮತ್ತೆ ಮೇಲಕ್ಕೆ ಬಂತು.

ನಾನು ಚೀಲ ಎತ್ತಿಕೊಂಡು ಮನೆಗೆ ನಡೆದೆ. "ಬಾ ಮಗ, ಈ ಬಿಸ್ಲಲ್ಲಿ ಯಾಕೆ ಬಂದೆ?" ಎಂದು ಅಪ್ಪ ಗೆಲುವಾಗಿಯೇ ಕೇಳಿದರು. ತುಟಿ ಬೆಳ್ಳಗಿತ್ತು, ಒಣಗಿತ್ತು. ಪಕ್ಕದಲ್ಲಿ ಸಂಚಿ ಇತ್ತು, ದಾರ ಸುತ್ತಿ ಗಂಟು ಹಾಕಿದ್ದ ಹಾಗೇ ಇತ್ತು. ಅಮ್ಮ ಹೊರಗೆ ಬಂದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

"ಚೆನ್ನಾಗವ್ರೆ ಕಣೆ. ಒಂಚೂರು ಸಣ್ಣಗಾಗವ್ರೆ, ಬಿಸ್ಲಿಗೆ. ಕಾಣಲ್ವ, ಎಲೆ ಆಕ್ಕೊಂಡು ಕೂತವ್ರೆ."

ಅಮ್ಮ ಕಾಫಿ ಕಾಯಿಸಲು ಒಳಗೆ ಹೋದಳು. ನಾನು ಅಪ್ಪನ ಪಕ್ಕ ಕೂತೆ.

"ಅಪ್ಪ, ನಿನ್ ಬಾಯಲ್ಲಿ ಎಲೆ ಇಲ್ಲ."

ಅವರು ಸಂಚಿಯ ಗಂಟನ್ನು ಒಂದು ಸಲ ಮುಟ್ಟಿ ನೋಡಿದರು. ಆಮೇಲೆ ಕೇಳಿದರು. "ಎಲ್ಲಿಂದ ನೋಡ್ದೆ?"

"ಹೊಂಗೆಮರದ ಹತ್ರದಿಂದ."

ತಲೆಯಾಡಿಸಿದರು. ತುಟಿಯ ತುದಿಯಲ್ಲಿ ಒಂದು ನಗು ಬಂದು ಹೋಯಿತು.

"ಎಷ್ಟು ದಿನದಿಂದಪ್ಪ?"

"ಮೂರು ತಿಂಗ್ಳಾಯ್ತು ಕಣವ್ವ. ಒಟ್ಟೇಲಿ ನೋವು. ಎಲೆ ಆಕೋಕೂ ಆಗಲ್ಲ, ಉರೀತದೆ."

"ಯಾಕೆ ಹೇಳ್ಲಿಲ್ಲ?"

"ಆಸ್ಪತ್ರೆಗೆ ಕೊಟ್ಬಿಡ್ತೀರಿ ಅಂತ."

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗೆಡ್ಡೆ ಬೆಳೆದಿತ್ತು. ಕತ್ತರಿಸುವ ಹಂತ ದಾಟಿದೆ, ನೋವಿಗೆ ಮಾತ್ರ ಔಷಧಿ ಕೊಡಬಹುದು ಎಂದು ಡಾಕ್ಟರು ಹೇಳಿ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಕೊನೆಯ ಎರಡು ತಿಂಗಳು ನಾನು ಶೆಟ್ಟಿಹಳ್ಳಿಯಲ್ಲೇ ಉಳಿದೆ.

ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಅದೇ ವರ್ಷದ ಸಂಕ್ರಾಂತಿಗೂ ನಾನು ಬಂದಿದ್ದೆ. ಅವತ್ತು ಹೊಂಗೆಮರದ ಹತ್ತಿರ ನಿಂತಿರಲಿಲ್ಲ. ಎಳ್ಳುಬೆಲ್ಲದ ಡಬ್ಬಿ ಹಿಡಿದು ಮಾತಾಡುತ್ತಾ ಮಾತಾಡುತ್ತಾ ನೇರ ಒಳಗೆ ನುಗ್ಗಿದ್ದೆ. ಅಪ್ಪ ನೆಟ್ಟಗೆ ಕೂತು ನಗುತ್ತಿದ್ದರು. ಎರಡು ದಿನ ಇದ್ದೂ ನೋಡಲಿಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಇದನ್ನು ಅಪ್ಪನಿಗೆ ಹೇಳಿಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು.

"ನಾನೂ ದಾಟಿ ಓಗಿದ್ನಲ್ಲವ್ವ. ಉಲ್ಲಿನ ಒರೆ ಒತ್ಕೊಂಡು."

ಆ ಎರಡು ತಿಂಗಳು ದಿನಾ ಬೆಳಿಗ್ಗೆ ನಮ್ಮದೊಂದು ಕೆಲಸವಿತ್ತು. ಅಪ್ಪ ಎಚ್ಚರವಾದ ಕೂಡಲೇ, "ಬಾಗ್ಲತ್ರ ಓಗಿ ನಿಂತ್ಕೊ. ನೋಡಿ ಏಳು" ಎನ್ನುತ್ತಿದ್ದರು. ಬಂದವರೆಲ್ಲ ಮಂಚದ ಹತ್ತಿರ ಬಾಗಿ, ಗೆಲುವಾಗಿದ್ದೀರಿ ಎನ್ನುತ್ತಿದ್ದರು. ಅಪ್ಪ ಅವರಿಗೆ ಹೂಂ ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕಂಡದ್ದನ್ನು ಹೇಳುತ್ತಿದ್ದೆ. "ಇವತ್ತು ಜಾಸ್ತಿ ಇದೆ ಅಪ್ಪ, ಭುಜ ಮೇಲಿದೆ, ಹಲ್ಲು ಕಚ್ಚಿದೀಯ" ಎಂದರೆ, "ಊಂ, ಮಾತ್ರೆ ಕೊಡು" ಎನ್ನುತ್ತಿದ್ದರು. ಅಷ್ಟು ಹೇಳಿಸಿಕೊಂಡ ಮೇಲೆ ನರಳುವುದಕ್ಕೆ ಅವರಿಗೆ ಸಂಕೋಚವಿರುತ್ತಿರಲಿಲ್ಲ. ನಾನು ಒಂದು ದಿನವೂ ಸುಳ್ಳು ಹೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು.

ಕೊನೆಯ ಬೆಳಿಗ್ಗೆ ಅವರು ಕೇಳಲಿಲ್ಲ, ಕಣ್ಣು ಮಾತ್ರ ಬಾಗಿಲ ಕಡೆ ತಿರುಗಿತು. ನಾನು ಹೋಗಿ ನಿಂತೆ. ಕೊಟ್ಟಿಗೆಯಲ್ಲಿ ಅಮ್ಮ ಹಾಲು ಕರೆಯುವ ಸದ್ದು ಕೇಳುತ್ತಿತ್ತು. ಅಪ್ಪನ ಭುಜ ಇಳಿದಿತ್ತು. ಎದೆಗೆ ಎಳೆದುಕೊಂಡೇ ಇರುತ್ತಿದ್ದ ಕಾಲುಗಳು ಮಂಚದ ಉದ್ದಕ್ಕೂ ಚಾಚಿದ್ದವು. ನಾನು ದವಡೆಯನ್ನೇ ನೋಡುತ್ತಾ ನಿಂತೆ. ಅದು ಆಡಲಿಲ್ಲ.

"ಇವತ್ತು ಕಮ್ಮಿ ಇದೆ ಅಪ್ಪ," ಎಂದೆ.

ಅವರು ಊಂ ಎಂದರು. ಹತ್ತಿರ ಹೋಗಿ ಹಣೆ ಸವರಿದೆ. ಹಾಲು ಕರೆದು ಮುಗಿಸಿ ಅಮ್ಮ ಒಳಗೆ ಬರುವವರೆಗೂ ಸವರುತ್ತಲೇ ಇದ್ದೆ.